ಐಸ್ ಒಡೆದು ಬರುವ ಸಬ್‌ಮೆರೀನಿನಲ್ಲಿ ಹೊರಗಿನವರಿಗೆ ಯಾಕೆ ಜಾಗ ಕೊಡುತ್ತಾರೆ?

ಬ್ಯೂಫೋರ್ಟ್ ಸಮುದ್ರ ಇರುವುದು ಅಲಾಸ್ಕಾದ ಉತ್ತರಕ್ಕೆ. ಮಾರ್ಚ್ ತಿಂಗಳಲ್ಲಿ ಹೋಗಿ ನೋಡಿದರೆ ಅಲ್ಲಿ ನೀರೇ ಕಾಣುವುದಿಲ್ಲ. ಕಣ್ಣು ಹಾಯುವಷ್ಟು ದೂರ ಬಿಳಿ ಬಯಲು. ಅಮೆರಿಕದ ನೌಕಾಪಡೆ ಸುಮಾರು ಎರಡು ವರ್ಷಕ್ಕೊಮ್ಮೆ ಈ ಬಯಲಿನ ಮೇಲೆ ಕ್ಯಾಂಪ್ ಹಾಕುತ್ತದೆ. ಪ್ಲೈವುಡ್ ಗುಡಿಸಲು ಇಲ್ಲವೇ ದಪ್ಪ ಟೆಂಟು, ಹೀಟರು, ಒಂದು ಅಡುಗೆಮನೆ, ಹಿಮ ಕೆರೆದು ಸಮ ಮಾಡಿದ ರನ್‌ವೇ. ಕೆಲವು ವಾರ ಐವತ್ತು ಅರವತ್ತು ಜನ ಅಲ್ಲೇ ಇರುತ್ತಾರೆ. ಹಿಂದೆ ಐಸಿನಡಿ ಹೋಗಿ ಬಂದ ಹಳೇ ಸಬ್‌ಮೆರೀನುಗಳ ಹೆಸರನ್ನೇ ಕ್ಯಾಂಪುಗಳಿಗೆ ಇಡುತ್ತಾರೆ. 2018ರದ್ದು ಸ್ಕೇಟ್, 2020ರದ್ದು ಸೀಡ್ರ್ಯಾಗನ್, 2022ರದ್ದು ಕ್ವೀನ್‌ಫಿಶ್, 2024ರದ್ದು ವ್ಹೇಲ್.

ಈ ಕ್ಯಾಂಪ್ ಹಾಕಿದ ಜಾಗದಲ್ಲೇ ಇರುವುದಿಲ್ಲ. ಅಡಿಯಲ್ಲಿರುವುದು ನೆಲ ಅಲ್ಲ, ಸಮುದ್ರ. ಗಾಳಿ ಮತ್ತು ನೀರಿನ ಸೆಳೆತಕ್ಕೆ ಐಸು ಸರಿಯುತ್ತಲೇ ಇರುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಇಡೀ ಕ್ಯಾಂಪು ಕೆಲವು ಕಿಲೋಮೀಟರ್ ದೂರ ಬಂದಿರಬಹುದು. 2014ರಲ್ಲಿ ನಾಟಿಲಸ್ ಎಂಬ ಕ್ಯಾಂಪಿನ ಸುತ್ತ ಐಸು ಬಿರುಕು ಬಿಟ್ಟಿತು. ಅವಧಿಗೆ ಮುಂಚೆಯೇ ಎಲ್ಲರೂ ಖಾಲಿ ಮಾಡಿಕೊಂಡು ಬರಬೇಕಾಯಿತು.

ಕ್ಯಾಂಪಿಗೆ ಬರುವವರಲ್ಲಿ ಸಮವಸ್ತ್ರ ಇಲ್ಲದವರೂ ಇರುತ್ತಾರೆ. ವಿಜ್ಞಾನಿಗಳು, ಉಪಕರಣ ಪರೀಕ್ಷೆ ಮಾಡುವ ಎಂಜಿನಿಯರುಗಳು, ಪತ್ರಕರ್ತರು, ಜನಪ್ರತಿನಿಧಿಗಳು. ಇದಕ್ಕೆ ಟಿಕೆಟ್ ಸಿಗುವುದಿಲ್ಲ. ನೌಕಾಪಡೆ ಕರೆದರೆ ಮಾತ್ರ ಹೋಗಬಹುದು. ಅಲಾಸ್ಕಾದ ಉತ್ತರ ತುದಿಯ ಪ್ರೂಡೊ ಕೊಲ್ಲಿಯವರೆಗೆ ವಿಮಾನ. ಅಲ್ಲಿಂದ ಮುಂದೆ ಪುಟ್ಟ ವಿಮಾನ, ಅದು ಇಳಿಯುವುದು ಐಸಿನ ಮೇಲೆ. ಆಮೇಲೆ ಚಳಿಯಲ್ಲಿ ನಿಂತು ಕಾಯಬೇಕು. ಎಲ್ಲೋ ಕಾಲಡಿಯಲ್ಲಿ ಒಂದು ಅಣುಶಕ್ತಿ ಸಬ್‌ಮೆರೀನು ಓಡಾಡುತ್ತಿರುತ್ತದೆ.

ಯುದ್ಧದ ಹಡಗು, ಅದೂ ಎಲ್ಲಕ್ಕಿಂತ ಗುಟ್ಟಿನದು. ಅಂಥದ್ದರೊಳಗೆ ಹೊರಗಿನವರಿಗೆ ಜಾಗ ಯಾಕೆ? ಸುಮ್ನೆ ತೋರಿಸಿ ಕಳಿಸಲಿಕ್ಕಲ್ಲ. ಉತ್ತರ ಧ್ರುವದ ಐಸು ತೆಳುವಾಗುತ್ತಿದೆ ಅಂತ ಜಗತ್ತಿಗೆ ಅಂಕಿಅಂಶ ಸಮೇತ ಗೊತ್ತಾದದ್ದೇ ಈ ಹಡಗುಗಳ ಅಳತೆಯಿಂದ, ಅದನ್ನು ಹೊರಗೆ ತಂದ ನಾಗರಿಕ ವಿಜ್ಞಾನಿಗಳಿಂದ. ಅದನ್ನು ಹೇಳುವ ಮೊದಲು ಹಡಗು ಮೇಲೆ ಬರುವ ಬಗೆಯನ್ನು ನೋಡೋಣ. ಅದೇ ಅರ್ಧ ಕಥೆ.

ಡೀಸೆಲ್ ಸಬ್‌ಮೆರೀನಿಗೆ ಆಗಾಗ ಗಾಳಿ ಬೇಕು. ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಅದು ಮೇಲೆ ಬರಲೇಬೇಕು. ತಲೆ ಮೇಲೆ ಐಸಿನ ಚಾವಣಿ ಇದ್ದರೆ ಎಲ್ಲಿಗೆ ಬರುವುದು? ಅಣು ರಿಯಾಕ್ಟರಿಗೆ ಗಾಳಿಯ ಹಂಗಿಲ್ಲ. ಐಸಿನ ಕೆಳಗೆ ವಾರಗಟ್ಟಲೆ ಇರುವುದು ಸಾಧ್ಯವಾದದ್ದು ಅದರಿಂದಲೇ. 1958ರ ಆಗಸ್ಟ್ 3ರಂದು ಅಮೆರಿಕದ ನಾಟಿಲಸ್ 116 ಜನರನ್ನು ಹೊತ್ತು ಉತ್ತರ ಧ್ರುವದ ಕೆಳಗೆ ಹಾದುಹೋಯಿತು. ಆದರೆ ಅಲ್ಲಿ ಮೇಲೆ ಬರಲಿಲ್ಲ. ಧ್ರುವದಲ್ಲಿ ಐಸು ಒಡೆದು ಮೊದಲು ಮೇಲೆ ಬಂದದ್ದು ಸ್ಕೇಟ್, 1959ರ ಮಾರ್ಚ್ 17ರಂದು.

ಒಡೆಯುವುದು ಅಂದರೆ ಗುದ್ದುವುದಲ್ಲ. ಮೊದಲು ತೆಳ್ಳಗಿನ ಜಾಗ ಹುಡುಕಬೇಕು. ಧ್ರುವದ ಐಸು ಕೆರೆಯ ಮೇಲೆ ಹಾಸಿದ ಹಲಗೆಯ ಹಾಗೆ ಒಂದೇ ಸಮ ಇರುವುದಿಲ್ಲ. ಎರಡು ಹಾಸುಗಳು ಒಂದಕ್ಕೊಂದು ಒತ್ತಿದರೆ ಮುರಿದ ತುಂಡುಗಳು ಮೇಲೂ ಕೆಳಗೂ ರಾಶಿ ಬೀಳುತ್ತವೆ. ಮೇಲೆ ಕಾಣುವುದು ಸಣ್ಣ ದಿಬ್ಬ. ಕೆಳಗೆ ಅದೇ ರಾಶಿ 30 ಮೀಟರಿಗಿಂತ ಆಳಕ್ಕೆ ಇಳಿದಿರಬಹುದು. ಹತ್ತು ಮಹಡಿ ಕಟ್ಟಡವನ್ನು ತಲೆಕೆಳಗಾಗಿ ನೇತುಹಾಕಿದ ಹಾಗೆ. ಇನ್ನೊಂದು ಕಡೆ ಹಾಸುಗಳು ದೂರ ಸರಿದು ನೀರಿನ ಕಾಲುವೆ ಬಾಯಿ ಬಿಡುತ್ತದೆ. ಆ ಚಳಿಗೆ ಅದು ಬೇಗ ಹೆಪ್ಪುಗಟ್ಟಿ ತೆಳ್ಳಗಿನ ಹೊಸ ಪದರ ಆಗುತ್ತದೆ. ಸಬ್‌ಮೆರೀನಿಗೆ ಬೇಕಾದದ್ದು ಈ ಹೊಸ ಪದರ.

ಹೊಸದಕ್ಕೂ ಹಳೆಯದಕ್ಕೂ ದಪ್ಪದಲ್ಲಿ ಮಾತ್ರ ವ್ಯತ್ಯಾಸ ಅಲ್ಲ. ಸಮುದ್ರದ ನೀರು ಸುಮಾರು ಮೈನಸ್ 1.8 ಡಿಗ್ರಿಗೆ ಗಟ್ಟಿಯಾಗುತ್ತದೆ. ಆಗ ಉಪ್ಪು ಐಸಿನೊಳಗೆ ಸೇರುವುದಿಲ್ಲ, ಸಣ್ಣ ಸಣ್ಣ ಉಪ್ಪುನೀರಿನ ಗುಳಿಗಳಾಗಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹೊಸ ಐಸು ಸ್ವಲ್ಪ ಮೆದು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಉಪ್ಪುನೀರು ಸೋರಿಹೋಗಿ ಐಸು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಹಡಗಿನ ಬೆನ್ನಿನಲ್ಲಿ ಮೇಲ್ಮುಖವಾಗಿ ಶಬ್ದ ಕಳಿಸುವ ಸೋನಾರ್ ಇದೆ. ಮುಂದೆ ನೇತಾಡುವ ರಾಶಿಗಳನ್ನು ಗುರುತಿಸಲು ಇನ್ನೊಂದು. ತೆಳ್ಳಗಿನ ಜಾಗ ಸಿಕ್ಕಿದ ಮೇಲೆ ಹಡಗು ಪೂರ್ತಿ ನಿಲ್ಲುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಳುಗಲೆಂದು ಬ್ಯಾಲಸ್ಟ್ ಟ್ಯಾಂಕಿನಲ್ಲಿ ತುಂಬಿಕೊಂಡ ನೀರನ್ನು ಹದವಾಗಿ ಹೊರಹಾಕುತ್ತಾ ಲಿಫ್ಟ್ ಏರಿದ ಹಾಗೆ ನೇರ ಮೇಲಕ್ಕೆ ಬರುತ್ತದೆ. ಮೊದಲು ಐಸಿಗೆ ತಾಗುವುದು ಬೆನ್ನಿನ ಮೇಲಿನ ಗೋಪುರ. ಅದನ್ನು ಇದಕ್ಕೆಂದೇ ಗಟ್ಟಿ ಮಾಡಿರುತ್ತಾರೆ. ಹಳೇ ಸ್ಟರ್ಜನ್ ದರ್ಜೆಯ ಹಡಗುಗಳಲ್ಲಿ ಗೋಪುರಕ್ಕೆ ಎರಡು ರೆಕ್ಕೆಗಳಿದ್ದವು. ಅಡ್ಡ ಇದ್ದರೆ ಮುರಿದುಹೋಗುತ್ತವೆ ಅಂತ ಅವನ್ನು ನೆಟ್ಟಗೆ ತಿರುಗಿಸಿಕೊಂಡು ಮೇಲೆ ಬರುತ್ತಿದ್ದರು. ಈಗಿನವುಗಳಲ್ಲಿ ಆ ರೆಕ್ಕೆಗಳು ಮೂತಿಯ ಹತ್ತಿರ ಇವೆ, ಒಳಕ್ಕೆ ಎಳೆದುಕೊಳ್ಳಬಹುದು. ಸುಮಾರು ಒಂದು ಮೀಟರ್ ದಪ್ಪದ ಐಸನ್ನು ಹೀಗೆ ಒಡೆಯಬಹುದು.

ಹದವಾಗಿ ಅಂದೆನಲ್ಲ, ಅದು ಬಹಳ ಕಷ್ಟದ ಹದ. ಲಾಸ್ ಏಂಜಲೀಸ್ ದರ್ಜೆಯ ಸಬ್‌ಮೆರೀನು ಮುಳುಗಿದಾಗ ಸುಮಾರು 6,900 ಟನ್. ಐಸಿನ ಹತ್ತಿರದ ನೀರಿನಲ್ಲಿ ಕೆಲವು ಕಡೆ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದರೆ ನೀರು ಹಗುರ, ಹಗುರ ನೀರಿನಲ್ಲಿ ಹಡಗು ಭಾರ. ನೀರಿನ ಸಾಂದ್ರತೆ ಸಾವಿರದಲ್ಲಿ ಒಂದು ಪಾಲು ಬದಲಾದರೂ ಹಡಗು ಹೆಚ್ಚುಕಡಿಮೆ 7 ಟನ್ ಭಾರವಾದಂತೆ. ಮೇಲೆ ಬರುತ್ತಾ ಬರುತ್ತಾ ಆ ಲೆಕ್ಕ ಸರಿಮಾಡಿಕೊಳ್ಳುತ್ತಲೇ ಇರಬೇಕು.

ಕ್ಯಾಂಪಿನವರು ನೀರಿಗೆ ಇಳಿಬಿಟ್ಟ ಉಪಕರಣದ ಮೂಲಕ ಹಡಗಿನ ಜೊತೆ ಮಾತಾಡುತ್ತಾರೆ. ರೇಡಿಯೊ ಅಲೆ ಉಪ್ಪುನೀರಿನಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಅದಕ್ಕೆ ಧ್ವನಿಯನ್ನೇ ನೀರಿನ ಮೂಲಕ ಕಳಿಸುವ ಫೋನು. ನೌಕಾಪಡೆಯವರು ಪ್ರೀತಿಯಿಂದ ಗರ್ಟ್ರೂಡ್ ಅನ್ನುತ್ತಾರೆ. ಹಿಮ ಕೆರೆದು ದೊಡ್ಡ ಎಕ್ಸ್ ಗುರುತು ಮಾಡುವುದೂ ಉಂಟು. ಹಿಮ ಸರಿದ ಕಡೆ ಬಿಸಿಲು ಐಸಿನೊಳಗಿಂದ ಕೆಳಗೆ ಇಳಿಯುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಬೆಳಗುವ ಗುರುತು.

ಆಮೇಲೆ ಐಸು ಉಬ್ಬುತ್ತದೆ, ಬಿರಿಯುತ್ತದೆ, ಕಪ್ಪು ಗೋಪುರ ಮೇಲೆ ಬರುತ್ತದೆ. ಬೆನ್ನಿನ ಮೇಲೆ ಮಂಚದಷ್ಟು ದೊಡ್ಡ ಐಸಿನ ತುಂಡುಗಳು ಕೂತಿರುತ್ತವೆ. ಒಳಗೆ ಹೋಗುವ ಹ್ಯಾಚು ಅವುಗಳ ಕೆಳಗೆ. ಚೈನ್‌ಸಾ ತಂದು ಕೊಯ್ದು, ಸಲಿಕೆಯಲ್ಲಿ ತಳ್ಳಿ ದಾರಿ ಮಾಡುತ್ತಾರೆ. ಐಸಿನಿಂದ ಹಡಗಿನ ಬೆನ್ನಿಗೆ ಒಂದು ಹಲಗೆ ಸೇತುವೆ ಹಾಕುತ್ತಾರೆ.

ಒಳಗೆ ಇಳಿಯುವುದು ನೇರ ಏಣಿಯಲ್ಲಿ. ಹೊರಗೆ ಮೈನಸ್ 30 ಡಿಗ್ರಿ ಇದ್ದರೆ ಒಳಗೆ ನಮ್ಮ ಬೆಂಗಳೂರಿನ ಜನವರಿ ಬೆಳಗಿನ ಹಾಗೆ, 20 ಡಿಗ್ರಿ ಆಸುಪಾಸು. ಕನ್ನಡಕ ಹಾಕಿದವರಿಗೆ ಒಂದು ನಿಮಿಷ ಏನೂ ಕಾಣುವುದಿಲ್ಲ. ಕೈಗವಸು ತೆಗೆಯುವ ಆಸೆ ಆಗುತ್ತದೆ, ತೆಗೆಯಬಾರದು. ಆ ಚಳಿಯಲ್ಲಿ ಕಬ್ಬಿಣ ಬರಿಗೈಯನ್ನು ಹಿಡಿದುಕೊಂಡುಬಿಡುತ್ತದೆ.

ಮೂಗಿಗೆ ಬರುವ ಮೊದಲ ವಾಸನೆ ಅಮೀನಿನದು. ಜನ ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಲು ಯಂತ್ರಗಳಲ್ಲಿ ಈ ರಾಸಾಯನಿಕ ಬಳಸುತ್ತಾರೆ. ಅದರ ಘಾಟು ಬಟ್ಟೆಗೆ, ಕೂದಲಿಗೆ ಹತ್ತಿಕೊಂಡು ಊರಿಗೆ ಬಂದರೂ ಬೇಗ ಹೋಗುವುದಿಲ್ಲ. ಉಸಿರಾಡುವ ಆಮ್ಲಜನಕವನ್ನು ಹಡಗೇ ಮಾಡಿಕೊಳ್ಳುತ್ತದೆ. ಸಮುದ್ರದ ನೀರನ್ನು ಶುದ್ಧ ಮಾಡಿ, ವಿದ್ಯುತ್ ಹಾಯಿಸಿ ಒಡೆದರೆ ಒಂದು ಕಡೆ ಆಮ್ಲಜನಕ, ಇನ್ನೊಂದು ಕಡೆ ಜಲಜನಕ. ಜಲಜನಕ ಸಮುದ್ರಕ್ಕೆ ಹೋಗುತ್ತದೆ. ಹೈಸ್ಕೂಲಿನಲ್ಲಿ ಬ್ಯಾಟರಿ ಕಟ್ಟಿ ಮಾಡಿದ ಪ್ರಯೋಗ, ಇಲ್ಲಿ ನೂರನಲವತ್ತು ಜನರ ಉಸಿರು.

110 ಮೀಟರ್ ಉದ್ದ, 10 ಮೀಟರ್ ಅಗಲ ಅಂದರೆ ದೊಡ್ಡದಾಯಿತಲ್ಲ ಅನ್ನಿಸುತ್ತದೆ. ಹಿಂದಿನ ದೊಡ್ಡ ಭಾಗ ರಿಯಾಕ್ಟರು ಮತ್ತು ಯಂತ್ರಗಳಿಗೆ. ಜನರಿಗೆ ಉಳಿಯುವುದು ಮುಂದಿನ ಭಾಗ. ನಾನು ವಿಶಾಖಪಟ್ಟಣದ ಬೀಚಿನಲ್ಲಿ ಐಎನ್‌ಎಸ್ ಕುರ್ಸುರಾ ಒಳಗೆ ಹೋಗಿದ್ದೇನೆ. ನಮ್ಮ ನೌಕಾಪಡೆಯ ಆ ಡೀಸೆಲ್ ಸಬ್‌ಮೆರೀನು 2001ರಲ್ಲಿ ನಿವೃತ್ತಿಯಾಗಿ ಮ್ಯೂಸಿಯಂ ಆಗಿದೆ, ಟಿಕೆಟ್ ತಗೊಂಡು ಯಾರು ಬೇಕಾದರೂ ಹೋಗಬಹುದು. ಒಂದು ಕೋಣೆಯಿಂದ ಇನ್ನೊಂದಕ್ಕೆ ದುಂಡನೆಯ ಬಾಗಿಲು. ಮೊದಲು ಒಂದು ಕಾಲು, ಆಮೇಲೆ ತಲೆ, ಕೊನೆಗೆ ಇನ್ನೊಂದು ಕಾಲು. ಹಿಂದೆ ಒಬ್ಬರು ಬಂದರೆ ನಾವು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅಮೆರಿಕದ ಹಡಗು ಅದಕ್ಕಿಂತ ವಿಶಾಲ, ಆದರೆ ಮಲಗುವ ಕಡೆ ರೈಲಿನ ಸ್ಲೀಪರ್ ಬೋಗಿಯೇ ನೆನಪಾಗುತ್ತದೆ. ಒಂದರ ಮೇಲೊಂದು ಮೂರು ಬರ್ತು, ಎದುರಿಗೆ ಪರದೆ. ಕಿರಿಯ ನಾವಿಕರಲ್ಲಿ ಮೂವರಿಗೆ ಎರಡೇ ಬರ್ತು ಇರುವುದೂ ಉಂಟು. ಒಬ್ಬ ಎದ್ದು ಡ್ಯೂಟಿಗೆ ಹೋದ ಮೇಲೆ ಅದೇ ಬೆಚ್ಚಗಿನ ಹಾಸಿಗೆಗೆ ಇನ್ನೊಬ್ಬ ಬರುತ್ತಾನೆ.

ಅತಿಥಿ ಊಟದ ಕೋಣೆಗೆ ಹೋಗಬಹುದು, ಟಾರ್ಪಿಡೊ ಕೋಣೆ ನೋಡಬಹುದು, ಹಡಗು ನಡೆಸುವ ಕಂಟ್ರೋಲ್ ರೂಮಿನಲ್ಲಿ ನಿಲ್ಲಬಹುದು. ಹಿಂದಿನ ಯಂತ್ರಭಾಗದ ಕಡೆ ಬಿಡುವುದಿಲ್ಲ. ಫೋನು ಕೊಟ್ಟು ಬರಬೇಕು. ಕಂಟ್ರೋಲ್ ರೂಮಿನಲ್ಲಿ ಆಳ ತೋರಿಸುವ ಮುಳ್ಳು, ವೇಗ ತೋರಿಸುವ ಅಂಕಿ ಇರುವ ಕಡೆ ಏನಾದರೂ ಮುಚ್ಚಿರುತ್ತಾರೆ. ಎಷ್ಟು ಆಳ ಹೋಗುತ್ತದೆ ಅಂತ ಕೇಳಿದರೆ ಸಿಗುವ ಅಧಿಕೃತ ಉತ್ತರ ಒಂದೇ: 800 ಅಡಿಗಿಂತ ಜಾಸ್ತಿ. ಈ ಮುಚ್ಚಿಟ್ಟ ಮುಳ್ಳನ್ನು ನೆನಪಿಟ್ಟುಕೊಳ್ಳಿ. ಐಸಿನ ಲೆಕ್ಕ ಸಿಗಬೇಕಾದರೆ ಬೇಕಾಗುವುದು ಇದೇ ಆಳ.

ಲೆಕ್ಕ ಸುಲಭ. ಹಡಗು 120 ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. ನೀರಿನ ಒತ್ತಡ ಅಳೆದರೆ ಅದು ತಿಳಿಯುತ್ತದೆ. ಬೆನ್ನಿನ ಸೋನಾರ್ ಮೇಲಕ್ಕೆ ಒಂದು ಟಿಕ್ ಶಬ್ದ ಕಳಿಸುತ್ತದೆ. ಆ ತಣ್ಣನೆ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,440 ಮೀಟರ್ ಓಡುತ್ತದೆ. ಐಸಿನ ತಳಕ್ಕೆ ಬಡಿದು ತಿರುಗಿ ಬಂದ ಹೊತ್ತಿನಿಂದ, ಐಸಿನ ತಳ 118 ಮೀಟರ್ ಮೇಲಿದೆ ಅಂತ ತಿಳಿಯಿತು. 120ರಲ್ಲಿ 118 ಕಳೆದರೆ ಉಳಿದದ್ದು 2 ಮೀಟರ್. ಅಷ್ಟು ಐಸು ನೀರಿನೊಳಗಿದೆ. ತೇಲುವ ಐಸಿನ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗೇ ಇರುತ್ತದೆ. ಹಾಗಾಗಿ ಒಟ್ಟು ದಪ್ಪ ಸುಮಾರು 2.2 ಮೀಟರ್. ಹಡಗು ಮುಂದೆ ಹೋಗುತ್ತಾ ಇದೇ ಅಳತೆಯನ್ನು ಮತ್ತೆ ಮತ್ತೆ ತೆಗೆಯುತ್ತದೆ. ಸಾವಿರಾರು ಕಿಲೋಮೀಟರ್ ಉದ್ದದ ಐಸಿನ ತಳ ಒಂದು ಗೆರೆಯಾಗಿ ಕಾಗದದ ಸುರುಳಿ ಮೇಲೆ ಮೂಡುತ್ತದೆ. ಇದು ಸುರಕ್ಷತೆಗೆ ಮಾಡಿಕೊಂಡ ಏರ್ಪಾಡು. ತಲೆಗೆ ಏನೂ ತಾಗಬಾರದು, ಅಷ್ಟೇ ಉದ್ದೇಶ.

ಈ ಏರ್ಪಾಡಿನ ಹಿಂದೆ ಇದ್ದವರು ವಾಲ್ಡೊ ಲಯನ್ ಎಂಬ ಭೌತವಿಜ್ಞಾನಿ. ಸೈನಿಕ ಅಲ್ಲ. 1947ರಲ್ಲಿ ಬೋರ್‌ಫಿಶ್ ಎಂಬ ಡೀಸೆಲ್ ಸಬ್‌ಮೆರೀನಿನಲ್ಲಿ ಚುಕ್ಚಿ ಸಮುದ್ರದ ಐಸಿನಡಿ ಹೋಗಿ ಬಂದಿದ್ದರು. 1958ರಲ್ಲಿ ನಾಟಿಲಸ್ಸಿನಲ್ಲೂ ಅವರಿದ್ದರು. ಹಿಮವೇ ಬೀಳದ ಸ್ಯಾನ್ ಡಿಯಾಗೊದಲ್ಲಿ ಕೊಳ ಕಟ್ಟಿಸಿ, ಅದರಲ್ಲಿ ಸಮುದ್ರದ ಐಸು ಬೆಳೆಸಿ, ಅದು ಹೇಗೆ ಮುರಿಯುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ಅವರು ಕಟ್ಟಿದ ಆರ್ಕ್ಟಿಕ್ ಸಬ್‌ಮೆರೀನ್ ಪ್ರಯೋಗಾಲಯವೇ ಇವತ್ತಿಗೂ ಐಸಿನ ಕ್ಯಾಂಪುಗಳನ್ನು ನೋಡಿಕೊಳ್ಳುತ್ತದೆ.

ಲಯನ್ ಅವರಿಗಿಂತ ಮೊದಲೇ ಈ ಕನಸು ಕಂಡವರು ಆಸ್ಟ್ರೇಲಿಯಾದ ಹ್ಯೂಬರ್ಟ್ ವಿಲ್ಕಿನ್ಸ್. 1931ರಲ್ಲಿ ಅಮೆರಿಕದ ನೌಕಾಪಡೆಯ ಹಳೇ ಸಬ್‌ಮೆರೀನನ್ನು ಬಾಡಿಗೆಗೆ ತಗೊಂಡು ಧ್ರುವಕ್ಕೆ ಹೊರಟಿದ್ದರು. ಮುಳುಗಲು ಬೇಕಾದ ರೆಕ್ಕೆಗಳೇ ದಾರಿಯಲ್ಲಿ ಕಳೆದುಹೋದವು. ಆದರೂ ಐಸಿನ ಅಂಚಿನಡಿ ಸ್ವಲ್ಪ ದೂರ ಹೋಗಿ ವಾಪಸು ಬಂದರು. ಅವರು ತೀರಿಕೊಂಡದ್ದು 1958ರಲ್ಲಿ. ಮರುವರ್ಷ ಮಾರ್ಚಿನಲ್ಲಿ ಸ್ಕೇಟ್ ಧ್ರುವದಲ್ಲಿ ಮೇಲೆ ಬಂದಾಗ ಅವರ ಚಿತಾಭಸ್ಮ ಹಡಗಿನಲ್ಲಿತ್ತು. ನಾವಿಕರು ಐಸಿನ ಮೇಲೆ ನಿಂತು ಪ್ರಾರ್ಥನೆ ಹೇಳಿ, ಬೀಸುವ ಗಾಳಿಗೆ ಅದನ್ನು ಬಿಟ್ಟರು. ಬದುಕಿದ್ದಾಗ ಸಬ್‌ಮೆರೀನಿನಲ್ಲಿ ಮುಟ್ಟಲಾಗದ ಧ್ರುವವನ್ನು ಅವರು ಮುಟ್ಟಿದ್ದು ಹೀಗೆ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಐಸಿನಡಿಯ ಅಪಾಯ ಏನು ಅಂತಲೂ ಹೇಳಬೇಕು. ಬೇರೆ ಸಮುದ್ರದಲ್ಲಿ ಬೆಂಕಿ ಬಿದ್ದರೆ ಸಬ್‌ಮೆರೀನು ಮೇಲೆ ಬಂದು ಹ್ಯಾಚು ತೆಗೆಯಬಹುದು. ಇಲ್ಲಿ ಹಾಗಾಗುವುದಿಲ್ಲ. ಹತ್ತಿರದ ತೆಳ್ಳಗಿನ ಐಸು ಎಲ್ಲಿತ್ತು ಅಂತ ಯಾವಾಗಲೂ ನೆನಪಿರಬೇಕು. 2007ರ ಮಾರ್ಚ್ 21ರಂದು ಬ್ರಿಟನ್ನಿನ ಟೈರ್‌ಲೆಸ್ ಹಡಗಿನಲ್ಲಿ ತುರ್ತಿಗೆ ಇಟ್ಟಿದ್ದ ಆಮ್ಲಜನಕದ ಉಪಕರಣ ಸಿಡಿದು ಇಬ್ಬರು ನಾವಿಕರು ಸತ್ತರು. ಒಬ್ಬರಿಗೆ ಗಾಯವಾಯಿತು. ಹಡಗು ಐಸು ಒಡೆದು ಮೇಲೆ ಬಂತು, ಗಾಯಾಳುವನ್ನು ವಿಮಾನದಲ್ಲಿ ಅಲಾಸ್ಕಾಕ್ಕೆ ಸಾಗಿಸಿದರು. ಆ ದಿನ ಹಡಗಿನಲ್ಲಿ ಕೇಂಬ್ರಿಜ್‌ನ ಪೀಟರ್ ವಾಡಮ್ಸ್ ಕೂಡ ಇದ್ದರು. ನಾಗರಿಕ ವಿಜ್ಞಾನಿ. ಐಸಿನ ತಳ ಅಳೆಯಲು ಹೋಗಿದ್ದರು.

ವಾಡಮ್ಸ್ 1976ರಲ್ಲೂ ಬ್ರಿಟಿಷ್ ಸಬ್‌ಮೆರೀನಿನಲ್ಲಿ ಇದೇ ಕೆಲಸಕ್ಕೆ ಹೋಗಿದ್ದರು, 1987ರಲ್ಲೂ ಹೋಗಿದ್ದರು. ಗ್ರೀನ್‌ಲೆಂಡಿನ ಉತ್ತರದ ಎರಡೂ ಅಳತೆ ಪಕ್ಕ ಪಕ್ಕ ಇಟ್ಟು ನೋಡಿದರೆ ಐಸು ಸುಮಾರು 15 ಶೇಕಡಾ ತೆಳುವಾಗಿತ್ತು. 1990ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಗ ಉಪಗ್ರಹಗಳಿಗೆ ಐಸು ಎಷ್ಟು ಅಗಲ ಹರಡಿದೆ ಅನ್ನುವುದು ಕಾಣುತ್ತಿತ್ತು, ಎಷ್ಟು ದಪ್ಪ ಅನ್ನುವುದು ಕಾಣುತ್ತಿರಲಿಲ್ಲ. ದೋಸೆ ಎಷ್ಟು ಅಗಲ ಅಂತ ಮೇಲಿನಿಂದ ನೋಡಿ ಹೇಳಬಹುದು. ದಪ್ಪ ತಿಳಿಯಲು ಅಂಚು ಎತ್ತಿ ನೋಡಬೇಕು, ಅಲ್ವಾ? ಅಂಚು ಎತ್ತಿ ನೋಡಿದವರು ಸಬ್‌ಮೆರೀನಿನವರು.

ಅಮೆರಿಕದ ಹಡಗುಗಳಲ್ಲಿ ಇಂಥ ಸುರುಳಿಗಳು 1958ರಿಂದಲೇ ಸೇರುತ್ತಾ ಬಂದಿದ್ದವು. ಆದರೆ ಎಲ್ಲವೂ ಬೀಗದೊಳಗೆ. ಯಾವ ದಿನ ಯಾವ ಹಡಗು ಎಲ್ಲಿ, ಎಷ್ಟು ಆಳದಲ್ಲಿತ್ತು ಅಂತ ಶತ್ರುವಿಗೆ ತಿಳಿದರೆ ಮುಗಿಯಿತು. ಶೀತಲ ಸಮರ ಮುಗಿದ ಮೇಲೆ ಎರಡು ಕೆಲಸ ಆದವು. ಮೊದಲನೆಯದು, 1993ರಲ್ಲಿ ಪಾರ್ಗೊ ಹಡಗಿನಿಂದ ಶುರುವಾದ ಸೈಸೆಕ್ಸ್ ಯೋಜನೆ. ವಿಜ್ಞಾನಿಗಳನ್ನೇ ಹಡಗಿಗೆ ಹತ್ತಿಸಿ, ಅವರು ಹೇಳಿದ ದಾರಿಯಲ್ಲಿ ಹೋಗಿ, ನೀರಿನ ಮಾದರಿ ತೆಗೆದು, ಸಮುದ್ರತಳದ ನಕ್ಷೆ ಮಾಡಿದರು. 1995ರಿಂದ 1999ರವರೆಗೆ ಪ್ರತಿ ವರ್ಷ ಒಂದು ಯಾನ. 1998 ಮತ್ತು 1999ರಲ್ಲಿ ಹಾಕ್‌ಬಿಲ್ ತನ್ನ ಹೊಟ್ಟೆಗೆ ಕಟ್ಟಿಕೊಂಡ ಸೋನಾರಿನಿಂದ, ಆರ್ಕ್ಟಿಕ್ ಸಮುದ್ರದ ತಳದಲ್ಲಿರುವ ಗಾಕೆಲ್ ಪರ್ವತಸಾಲಿನ ಚಿತ್ರ ತಂದಿತು. ಐಸಿನ ಮೇಲಿನಿಂದ ಅದನ್ನು ತೆಗೆಯುವುದು ಬಹಳ ಕಷ್ಟದ ಕೆಲಸ.

ಎರಡನೆಯದು ಹಳೇ ಸುರುಳಿಗಳ ಬಿಡುಗಡೆ. ಆಗ ಸೆನೆಟರ್ ಆಗಿದ್ದ ಅಲ್ ಗೋರ್ ಇದರ ಹಿಂದೆ ಬಿದ್ದರು. ಅವರೂ ಐಸಿನಡಿಯ ಸಬ್‌ಮೆರೀನಿಗೆ ಅತಿಥಿಯಾಗಿ ಹೋಗಿ ಬಂದವರು. ನೌಕಾಪಡೆ ಒಪ್ಪಿತು, ಷರತ್ತುಗಳೊಂದಿಗೆ. ಆರ್ಕ್ಟಿಕ್ ನಕ್ಷೆಯ ಮೇಲೆ ಒಂದು ವಲಯ ಗುರುತಿಸಿ, ಅದರೊಳಗಿನದು ಮಾತ್ರ ಹೊರಗೆ ಅಂದಿತು. ಆ ವಲಯಕ್ಕೆ ಗೋರ್ ಬಾಕ್ಸ್ ಅಂತಲೇ ಹೆಸರು ಬಿತ್ತು. ಹಡಗಿನ ಆಳ ಹೇಳುವುದಿಲ್ಲ, ಕಳೆದು ಬಂದ ಐಸಿನ ಅಳತೆ ಮಾತ್ರ ಕೊಡುತ್ತೇವೆ. ಜಾಗವನ್ನು ಅಕ್ಷಾಂಶ ರೇಖಾಂಶದ 5 ನಿಮಿಷಕ್ಕೆ, ಅಂದರೆ ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗಕ್ಕೆ, ಹತ್ತಿರ ಮಾಡಿ ಕೊಡುತ್ತೇವೆ. ದಿನ ಹೇಳುವುದಿಲ್ಲ, ತಿಂಗಳ ಮೂರನೇ ಒಂದು ಭಾಗ ಹೇಳುತ್ತೇವೆ.

ನನಗೆ ಇದು ಬಹಳ ಇಷ್ಟವಾಗುವ ಒಪ್ಪಂದ. ಹಡಗಿನ ಜಾಡು ಹಿಡಿಯುವವನಿಗೆ ಈ ಅಂಕಿ ಪ್ರಯೋಜನಕ್ಕೆ ಬರುವುದಿಲ್ಲ. ಐಸು ಹತ್ತಿಪ್ಪತ್ತು ವರ್ಷದಲ್ಲಿ ಎಷ್ಟು ಬದಲಾಯಿತು ಅಂತ ನೋಡುವವನಿಗೆ ಇಷ್ಟೇ ಧಾರಾಳ ಸಾಕು.

ಸಾಕಾಯಿತು ಕೂಡ. 1999ರಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಡ್ರೂ ರಾಥ್ರಾಕ್ ಮತ್ತು ಜೊತೆಗಾರರು 1958ರಿಂದ 1976ರವರೆಗಿನ ಅಳತೆಗಳನ್ನು 1990ರ ದಶಕದ ಸೈಸೆಕ್ಸ್ ಅಳತೆಗಳ ಜೊತೆ ಹೋಲಿಸಿದರು. ಎರಡೂ ಕಾಲದಲ್ಲಿ ಹಡಗು ಹಾದುಹೋದ ಒಂದೇ ಜಾಗಗಳನ್ನು ಆರಿಸಿಕೊಂಡರು. ಬೇಸಿಗೆ ಕೊನೆಯ ಲೆಕ್ಕದಲ್ಲಿ, ನೀರಿನೊಳಗಿನ ಐಸು ಸರಾಸರಿ 3.1 ಮೀಟರ್ ಇದ್ದದ್ದು 1.8 ಮೀಟರಿಗೆ ಇಳಿದಿತ್ತು. ಸುಮಾರು 40 ಶೇಕಡಾ ಕಡಿಮೆ. ನಾಟಿಲಸ್ ಹೋದ ಕಾಲದ ಕಾಗದ ಇಲ್ಲದಿದ್ದರೆ ಆ ಮೊದಲ ಅಂಕಿಯೇ ನಮಗೆ ಸಿಗುತ್ತಿರಲಿಲ್ಲ.

ಸ್ಟರ್ಜನ್ ದರ್ಜೆಯ ಹಡಗುಗಳು ಸೇವೆಯಿಂದ ಹೋದವು. ವಿಜ್ಞಾನಕ್ಕೆಂದೇ ಹೊರಡುವ ಯಾನಗಳೂ ಅವುಗಳ ಜೊತೆ ನಿಂತವು. ಈಗ ನೌಕಾಪಡೆಯ ಹಡಗುಗಳು ತಮ್ಮ ಕೆಲಸಕ್ಕೆ ಐಸಿನಡಿ ಹೋದಾಗ ಕೆಲವು ಹೊತ್ತು ವಿಜ್ಞಾನಕ್ಕೆ ಮೀಸಲಿಟ್ಟು ಅಳತೆ ತಂದುಕೊಡುತ್ತವೆ.

ಆ ಅಳತೆಗಳು ಕೊಲೊರಾಡೊದ ಬೋಲ್ಡರ್‌ನಲ್ಲಿರುವ ರಾಷ್ಟ್ರೀಯ ಹಿಮ ಮತ್ತು ಐಸ್ ದತ್ತಾಂಶ ಕೇಂದ್ರದಲ್ಲಿವೆ. ಟಿಕೆಟ್ ಬೇಕಿಲ್ಲ, ಆಮಂತ್ರಣವೂ ಬೇಕಿಲ್ಲ. ಧಾರವಾಡದಲ್ಲಿ ಕೂತವರೂ ಇಳಿಸಿಕೊಳ್ಳಬಹುದು. ತೆರೆದರೆ ಚಿತ್ರ ಏನೂ ಇರುವುದಿಲ್ಲ. ಮೀಟರಿನ ಲೆಕ್ಕದಲ್ಲಿ ಐಸಿನ ಆಳ, ಒಂದರ ಕೆಳಗೊಂದು, ಸಾವಿರಾರು ಸಾಲು. ತಿಂಗಳ ಯಾವ ಭಾಗ ಅಂತ ಇದೆ, ದಿನ ಇಲ್ಲ. ಹಡಗಿನ ಆಳ ಎಲ್ಲೂ ಇಲ್ಲ.